ಹಾಯ್ ಗೈಸ್

ನಮ್ಮ ಆಫೀಸಲ್ಲಿ ಬೆಳಗಿನ ಮೀಟಿಂಗ್ ಶುರುವಾಗೋದೇ 'ಹಾಯ್ ಗೈಸ್' ಅಂತ. ಮೇಡಂಗಳೂ ಗೈಸೇ, ಇನ್ನೆರಡು ವರ್ಷಕ್ಕೆ ರಿಟೈರ್ ಆಗೋ ಅಕೌಂಟ್ಸ್ ರಾಯರೂ ಗೈಸೇ, ಕ್ಯಾಮೆರಾ ಆಫ್ ಮಾಡ್ಕೊಂಡು ಉಪ್ಪಿಟ್ಟು ತಿಂತಿರೋ ನಾನೂ ಗೈಸೇ. ಈ ಗೈ ಅನ್ನೋನು ನಿಜವಾಗ್ಲೂ ಒಬ್ಬ ಇದ್ದ, ಅದೂ ಇಂಗ್ಲೆಂಡಿನ ಪಾರ್ಲಿಮೆಂಟಿಗೇ ಬತ್ತಿ ಇಡೋಕೆ ಹೋಗಿದ್ದ ಅಂತ ಗೊತ್ತಾದಾಗಿಂದ ನಂಗೆ ಮೀಟಿಂಗಲ್ಲಿ ಗಮನವೇ ಇರಲ್ಲ.

1605ನೇ ಇಸವಿ. ಅಲ್ಲಿನ ಕ್ಯಾಥೊಲಿಕರು ಸರ್ಕಾರಿ ಚರ್ಚಿಗೆ ಹೋಗ್ಲಿಲ್ಲ ಅಂದ್ರೆ ದಂಡ ಕಟ್ಬೇಕಿತ್ತು, ಹೊಸ ರಾಜ ಒಂದನೇ ಜೇಮ್ಸ್ ಬಂದ್ಮೇಲಾದ್ರೂ ಸಡಿಲ ಆಗುತ್ತೆ ಅಂತ ಕಾದು ಕಾದು ಸಾಕಾಗಿ ರಾಬರ್ಟ್ ಕೇಟ್ಸ್‌ಬಿ ಅನ್ನೋನು ಒಂದಷ್ಟು ಜನರನ್ನ ಸೇರಿಸ್ಕೊಂಡು, ಪಾರ್ಲಿಮೆಂಟ್ ಶುರುವಾಗೋ ದಿನ ರಾಜನ ಸಮೇತ ಎಲ್ಲಾ ಹಾರಿಸಿಬಿಡೋಣ ಅಂತ ಪ್ಲಾನ್ ಹಾಕ್ದ. ಹೌಸ್ ಆಫ್ ಲಾರ್ಡ್ಸ್ ಕೆಳಗಡೆಯ ಉಗ್ರಾಣಾನೇ ಬಾಡಿಗೆಗೆ ಹಿಡಿದ್ರು (ಆಗ ಸಿಗ್ತಿತ್ತು ನೋಡಿ!). 36 ಪೀಪಾಯಿ ಮದ್ದು ತುಂಬಿ, ಮೇಲೆ ಸೌದೆ ಮುಚ್ಚಿದ್ರು. ಕಾವಲಿಗೆ ಯಾರ್ಕ್ ಊರಿನ ಗೈ ಫಾಕ್ಸ್, ಸ್ಪೇನಿನ ಸೈನ್ಯದಲ್ಲಿ ಯುದ್ಧ ಮಾಡಿ ಬಂದಿದ್ದೋನು.

ಅಷ್ಟರಲ್ಲಿ ಒಬ್ಬ ಲಾರ್ಡಿಗೆ, ಆ ದಿನ ಪಾರ್ಲಿಮೆಂಟಿಗೆ ಬರ್ಬೇಡಿ ಅಂತ ಸಹಿ ಇಲ್ಲದ ಕಾಗದ ಬಂತು. ಹುಡುಕಿದ್ರು. ನವೆಂಬರ್ 4ರ ರಾತ್ರಿ ಸಿಕ್ಕಿದ್ದು ಗೈ ಒಬ್ನೇ. ಹೆಸರೇನು ಅಂದ್ರೆ ಜಾನ್ ಜಾನ್ಸನ್ ಅಂದ, ರಾಮಣ್ಣ ರಾಮಪ್ಪ ಅಂದಂಗೆ. ಲಂಡನ್ ಟವರಲ್ಲಿ ಕೊಟ್ಟ ಹಿಂಸೆ ಎಂಥದ್ದು ಅಂದ್ರೆ ಅವನ ಸಹಿ ಇವತ್ತಿಗೂ ಇದೆ, ಬರೀ ಗೀಚು. ಅದನ್ನ ನೋಡಿದ್ಮೇಲೆ ತಮಾಷೆ ಸ್ವಲ್ಪ ಇಳಿಯುತ್ತೆ.

ಆದ್ರೆ ಓಡಿಹೋದವರ ಕತೆ ಕೇಳಿ. ದಾರೀಲಿ ಮಳೆಗೆ ಮದ್ದು ಒದ್ದೆ ಆಯ್ತಂತ, ಅದನ್ನ ಒಣಗ್ಸೋಕೆ ಬೆಂಕಿ ಮುಂದೆ ಹರಡಿದ್ರು! ಹಪ್ಪಳಾನಾ ಅದು? ಕಿಡಿ ಹಾರಿ ಢಮಾರ್, ಒಬ್ಬನ ಕಣ್ಣೇ ಹೋಯ್ತು. ಮಾರನೇ ದಿನ ಕೇಟ್ಸ್‌ಬಿ ಗುಂಡೇಟಿಗೆ ಸತ್ತ.

ರಾಜ ಉಳಿದಿದ್ದಕ್ಕೆ ಪ್ರತಿ ನವೆಂಬರ್ 5ಕ್ಕೆ ಚರ್ಚಲ್ಲಿ ಕೃತಜ್ಞತೆ ಹೇಳ್ಬೇಕು ಅಂತ ಕಾನೂನೇ ಬಂತು, 1859ರವರೆಗೂ ಇತ್ತು. ಬೆಂಕಿ ಹಬ್ಬ ಈಗ್ಲೂ ಇದೆ. ಹಳೇ ಪ್ಯಾಂಟು ಕೋಟಿಗೆ ಹುಲ್ಲು ತುಂಬಿ ಬೊಂಬೆ ಮಾಡಿ ಅದಕ್ಕೆ 'ಗೈ' ಅಂತ ಹೆಸರಿಟ್ಟು, ಕಾಮಣ್ಣನ್ನ ಸುಡೋ ನಮ್ಮ ಹುಡುಗ್ರು ಚಂದಾ ಕೇಳ್ದಂಗೆ ಅಲ್ಲಿನ ಹುಡುಗ್ರು 'ಗೈಗೆ ಒಂದು ಪೆನ್ನಿ' ಅಂತ ಬೀದೀಲಿ ಕೇಳ್ತಿದ್ರು. ಆಮೇಲೆ ಯಾರಾದ್ರೂ ವಿಚಿತ್ರವಾಗಿ ಬಟ್ಟೆ ಹಾಕ್ಕೊಂಡ್ರೆ ಅವನೂ ಗೈ ಆದ, ಅಮೆರಿಕಾಗೆ ಹೋಗಿ ಯಾವ ಗಂಡಸಾದ್ರೂ ಗೈ ಆದ, ಕೊನೆಗೆ ಅಕೌಂಟ್ಸ್ ರಾಯರು. ಪ್ಲಾನ್ ಹಾಕಿದ ಕೇಟ್ಸ್‌ಬಿ ಎಲ್ಲೂ ಇಲ್ಲ. ಸಿಕ್ಕಿಬಿದ್ದೋನೇ ಕಳ್ಳ ಅಂತಾರಲ್ಲ ಹಂಗೆ.

ಊಟದ ಟೈಮಲ್ಲಿ ರಾಯರಿಗೆ ಇಷ್ಟೂ ಹೇಳ್ದೆ. ಮೊಸರನ್ನ ಕಲಸ್ತಾ ಪೂರ್ತಿ ಕೇಳಿ, "ಆ ಉಗ್ರಾಣ ಬಾಡಿಗೆಗೆ ಇದ್ದಿದ್ದು ಯಾರ ಹೆಸರಲ್ಲಪ್ಪಾ?" ಅಂದ್ರು.

"ಥಾಮಸ್ ಪರ್ಸಿ ಅಂತ ಇನ್ನೊಬ್ಬ, ಸಾರ್."

"ಮತ್ತೆ ಅಗ್ರಿಮೆಂಟಲ್ಲಿ ಹೆಸರೇ ಇಲ್ಲದೋನ್ನ ಯಾಕಯ್ಯಾ ವರ್ಷಾ ವರ್ಷಾ ಸುಡ್ತಾರೆ?" ಅಂದು ಉಪ್ಪಿನಕಾಯಿಗೆ ಕೈ ಹಾಕಿದ್ರು.