ಇದ್ದದ್ದನ್ನು ಕಿತ್ತುಕೊಂಡು, ಆಮೇಲೆ ಹೊಸದು ಅಂತ ಕೊಡೋದು

ಅಪ್‌ಡೇಟ್ ಅಂದರೆ ಇರುವುದರ ಜೊತೆಗೆ ಇನ್ನೊಂದಿಷ್ಟು ಸೇರಬೇಕು, ಅಲ್ವಾ? ಈಗೀಗ ಅಪ್‌ಡೇಟ್ ಮುಗಿದ ತಕ್ಷಣ ಏನೇನು ಹೋಯ್ತು ಅಂತ ಹುಡುಕುವುದೇ ಕೆಲಸವಾಗಿದೆ.

ವಿಂಡೋಸ್‌ನ ಟಾಸ್ಕ್‌ಬಾರನ್ನೇ ನೋಡಿ. ಸ್ಕ್ರೀನಿನ ತಳದಲ್ಲಿರುವ ಆ ಪಟ್ಟಿಯನ್ನು ವಿಂಡೋಸ್ 95ರ ಕಾಲದಿಂದಲೂ ಮೇಲಕ್ಕೋ ಪಕ್ಕಕ್ಕೋ ಎಳೆದು ಕೂರಿಸಬಹುದಿತ್ತು. ಈಗಿನ ಸ್ಕ್ರೀನ್‌ಗಳಿಗೆ ಅಗಲ ಜಾಸ್ತಿ, ಎತ್ತರ ಕಡಿಮೆ. ಪಟ್ಟಿ ಪಕ್ಕಕ್ಕೆ ಹೋದರೆ ಓದುವವರಿಗೆ, ಟೈಪ್ ಮಾಡುವವರಿಗೆ ಒಂದೆರಡು ಸಾಲು ಜಾಸ್ತಿ ಕಾಣುತ್ತದೆ. 2021ರಲ್ಲಿ ವಿಂಡೋಸ್ 11 ಬಂತು. ಎಳೆಯುವುದು ಬಂದ್.

ಇನ್ನೂ ಜಾಸ್ತಿ ಕಾಟ ಕೊಟ್ಟಿದ್ದು ಹೆಸರುಗಳು ಮಾಯವಾಗಿದ್ದು. ಯಾವುದಾದರೂ ಡಿಟಿಪಿ ಅಂಗಡಿಗೆ ಹೋಗಿ ನೋಡಿ. ಮದುವೆ ಕಾರ್ಡು, ವೈಕುಂಠ ಸಮಾರಾಧನೆ ಕಾರ್ಡು, ಸಂಘದ ವಾರ್ಷಿಕ ವರದಿ, ಎಲ್ಲವೂ ಒಂದೇ ಪ್ರೋಗ್ರಾಮಿನಲ್ಲಿ ತೆರೆದಿರುತ್ತವೆ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಹೇಳಿಟ್ಟರೆ ಸಾಕಿತ್ತು, ಪ್ರತಿ ಫೈಲಿನ ಹೆಸರೂ ಟಾಸ್ಕ್‌ಬಾರಿನಲ್ಲಿ ಬೇರೆಬೇರೆಯಾಗಿ ಕಾಣುತ್ತಿತ್ತು. ವಿಂಡೋಸ್ 11 ಅದನ್ನೆಲ್ಲ ಒಂದೇ ಐಕಾನಿನ ಹಿಂದೆ ತುರುಕಿತು. ಮೌಸ್ ಅಲ್ಲಿಗೆ ಒಯ್ದು, ಪುಟ್ಟ ಚಿತ್ರಗಳು ಮೂಡುವ ತನಕ ಕಾದು, ಯಾವುದು ಮದುವೆ, ಯಾವುದು ತಿಥಿ ಅಂತ ಕಣ್ಣು ಕಿರಿದು ಮಾಡಿ ನೋಡಬೇಕು. ಗಿರಾಕಿ ಎದುರಿಗೇ ನಿಂತಿರುತ್ತಾರೆ. 2023ರಲ್ಲಿ ಹೆಸರುಗಳು ವಾಪಸ್ ಬಂದವು. ಹೊಸ ಸೌಲಭ್ಯ ಅಂತೆ!

ಟಾಸ್ಕ್‌ಬಾರನ್ನು ಬುಡದಿಂದ ಹೊಸದಾಗಿ ಕಟ್ಟಿದ್ದೇವೆ, ಜಾಗ ಬದಲಿಸಬೇಕು ಎನ್ನುವವರು ತೀರಾ ಕಡಿಮೆ ಅಂತ ವಿಂಡೋಸ್ ಮಾಡುವ ಮೈಕ್ರೋಸಾಫ್ಟ್ ಕಂಪನಿಯವರ ಸಮಜಾಯಿಷಿ. ಹೊಸದಾಗಿ ಕಟ್ಟುವ ಕಷ್ಟ ಅರ್ಥವಾಗುತ್ತದೆ. ತಲೆ ಎಣಿಸುವ ಲೆಕ್ಕ ಮಾತ್ರ ನನಗೆ ಒಪ್ಪಿಗೆಯಿಲ್ಲ. ತಿಂಗಳಿಗೊಮ್ಮೆ ಕರೆಂಟ್ ಬಿಲ್ ಕಟ್ಟಲು ಕಂಪ್ಯೂಟರ್ ತೆರೆಯುವವರೂ ಒಂದು ತಲೆ, ದಿನವಿಡೀ ಅದರ ಮುಂದೆ ಕೂತು ಹೊಟ್ಟೆ ಹೊರೆಯುವವರೂ ಒಂದು ತಲೆ. ಸೆಟ್ಟಿಂಗ್ಸ್ ಹುಡುಕಿ ತಮಗೆ ಬೇಕಾದಂತೆ ಬದಲಿಸಿಕೊಳ್ಳುವವರು ಈ ಎರಡನೆಯವರೇ. ಅವರು ಯಾವತ್ತೂ ಕಡಿಮೆಯೇ ಇರುತ್ತಾರೆ.

ರೈಟ್ ಕ್ಲಿಕ್ ಮೆನುವಿನದೂ ಇದೇ ಕಥೆ. ಕಟ್, ಕಾಪಿ, ಪೇಸ್ಟ್ ಅಂತ ಅಕ್ಷರದಲ್ಲಿದ್ದದ್ದು ಹೆಸರಿಲ್ಲದ ಪುಟಾಣಿ ಚಿತ್ರಗಳಾದವು. 2024ರ ಅಪ್‌ಡೇಟಿನಲ್ಲಿ ಅವಕ್ಕೂ ಹೆಸರು ವಾಪಸ್ ಬಂತು. ಅದೇ ಅಪ್‌ಡೇಟಿನಲ್ಲಿ ವರ್ಡ್‌ಪ್ಯಾಡ್ ಅನ್ನುವ, ಬರೆಯುವುದಕ್ಕಿದ್ದ ಪುಟ್ಟ ಪ್ರೋಗ್ರಾಮ್ ಹೋಯ್ತು. ಪಾಪ, ಅದು ಯಾರ ತಂಟೆಗೂ ಹೋಗಿರಲಿಲ್ಲ.

ಇಷ್ಟವಿಲ್ಲದಿದ್ದರೆ ಹಳೆಯದರಲ್ಲೇ ಇರಿ ಅನ್ನುತ್ತೀರಾ? ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವೈರಸ್ ಭಯಕ್ಕಾದರೂ ಮುಂದಕ್ಕೆ ಹೋಗಲೇಬೇಕು. ನನ್ನ ಸಿಟ್ಟಿರುವುದು ಇಲ್ಲೇ. ಬೀಗ ರಿಪೇರಿಗೆ ಕರೆದವರು ಅಡುಗೆಮನೆ ಡಬ್ಬಿಗಳನ್ನೂ ಅದಲುಬದಲು ಮಾಡಿ ಹೋದ ಹಾಗಾಯಿತು. ಭದ್ರತೆಯ ಅಪ್‌ಡೇಟ್ ಬೇರೆ ಇರಲಿ, ವೇಷ ಬದಲಿಸುವ ಅಪ್‌ಡೇಟ್ ಬೇರೆ ಇರಲಿ. ಹಳೆಯ ರೀತಿಯೇ ಬೇಕು ಅನ್ನುವವರಿಗೆ ಸೆಟ್ಟಿಂಗ್ಸ್‌ನ ಯಾವುದೋ ಮೂಲೆಯಲ್ಲಿ ಒಂದು ಸ್ವಿಚ್ ಇಡಲಿ. ಹುಡುಕಿಕೊಳ್ಳುತ್ತೇವೆ, ನಮಗದು ಅಭ್ಯಾಸವಾಗಿದೆ.

ನಿಮ್ಮ ಕಂಪ್ಯೂಟರಿನಲ್ಲಿ ಹೀಗೆ ಹೇಳದೆ ಕೇಳದೆ ಹೋಗಿದ್ದು ಯಾವುದು?