ಒತ್ತಕ್ಷರಕ್ಕೂ ಜಾಗ ಬಿಡಿ

ವೆಬ್ ಪುಟದ ವಿನ್ಯಾಸದ ಬಗೆಗಿನ ನಿಮ್ಮ ಲೇಖನದಲ್ಲಿ ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಇದ್ದರೆ ಸಾಕು ಅಂತ ಬರೆದಿದ್ದೀರಿ. ಇಂಗ್ಲಿಷಿಗೆ ಸರಿಹೋಗಬಹುದು, ಕನ್ನಡಕ್ಕೆ ಸಾಲೋದಿಲ್ಲ ಸರ್. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತೆ. ‘ರಾಷ್ಟ್ರ’ದಲ್ಲಂತೂ ಒಂದೇ ಅಕ್ಷರಕ್ಕೆ ಎರಡು ಒತ್ತು. ಕಳೆದ ತಿಂಗಳು ಆನ್‌ಲೈನಿನಲ್ಲಿ ಒಂದು ಅರ್ಜಿ ತುಂಬುವಾಗ ನೋಡಿದೆ, ಬಟನ್ನಿನ ಎತ್ತರವನ್ನು ಪಿಕ್ಸೆಲ್‌ನಲ್ಲಿ ಕಟ್ಟಿಹಾಕಿ ಓವರ್‌ಫ್ಲೋ ಹಿಡನ್ ಕೊಟ್ಟಿದ್ದರು, ಅಂದರೆ ಚೌಕಟ್ಟು ಮೀರಿದ್ದೆಲ್ಲ ಮರೆಯಾಗುವಂತೆ ಮಾಡಿದ್ದರು. ‘ಸಲ್ಲಿಸಿ’ಯ ಲಾವತ್ತು ಕತ್ತರಿಸಿ ಹೋಗಿ ‘ಸಲಿಸಿ’ ಅಂತ ಕಾಣ್ತಿತ್ತು. ಅಮ್ಮ ದೊಡ್ಡದು ಮಾಡಿ ಓದೋಣ ಅಂದ್ರೆ ಝೂಮ್ ಕೂಡ ಬಂದ್! ಅಕ್ಷರ 200% ವರೆಗೆ ಹಿಗ್ಗಬೇಕು ಅಂತ ವೆಬ್ ಪುಟಗಳು ಎಲ್ಲರಿಗೂ ಬಳಸಲು ಬರುವಂತಿರಲಿ ಅಂತ ಮಾಡಿದ 2008ರ ಮಾರ್ಗಸೂಚಿ ಡಬ್ಲ್ಯುಸಿಎಜಿ 2.0ದಲ್ಲೇ ಇದೆಯಲ್ಲ. ಕನ್ನಡ ಪುಟಕ್ಕೆ ನಾನು ಸಾಲಿನ ಎತ್ತರವನ್ನು 1.6ಕ್ಕಿಂತ ಕಡಿಮೆ ಇಡೋದೇ ಇಲ್ಲ. ಹಾಗೇ ಎಚ್‌ಟಿಎಂಎಲ್ ಟ್ಯಾಗಿನ ಲ್ಯಾಂಗ್‌ನಲ್ಲಿ (ಪುಟದ ಭಾಷೆ ಯಾವುದು ಅಂತ ಹೇಳುವ ಜಾಗ) ಕನ್ನಡದ ಸಂಕೇತ ‘ಕೆಎನ್’ ಹಾಕೋದನ್ನೂ ದಯವಿಟ್ಟು ಲೇಖನಕ್ಕೆ ಸೇರಿಸಿ. ಅಲ್ಲಿ ಇಂಗ್ಲಿಷಿನ ‘ಇಎನ್’ ಅಂತಲೇ ಉಳಿದುಬಿಟ್ಟರೆ, ಕಣ್ಣು ಕಾಣದವರಿಗೆ ಪರದೆಯ ಬರಹ ಓದಿ ಹೇಳುವ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯಲ್ಲಿ ಕನ್ನಡ ಓದಲು ಹೋಗಿ ತೊಡರುತ್ತೆ.