ಬ್ರೌಸರ್ ತಡೆದರೆ ವಾಪಸ್ ಬರಲೇಬೇಕಾ?

ಪರ: ಬರಲೇಬೇಕು, ಸರ್ಕಾರಿ ಸೈಟ್ ಆದರೂ ಸರಿ

ಅಪ್ಪನಿಗೆ ಆ ಬಟನ್ ತೋರಿಸಿಕೊಟ್ಟವಳು ನಾನೇ. ಪಿಂಚಣಿ ಕೆಲಸಕ್ಕೆ ಒಂದು ಕಚೇರಿಯ ವೆಬ್‌ಸೈಟ್ ನೋಡಬೇಕಿತ್ತು. ತೆರೆದ ಕೂಡಲೇ ಕೆಂಪು ತ್ರಿಕೋನ, ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಅನ್ನುವ ಸಾಲು. ಕಚೇರಿಗೆ ಫೋನ್ ಮಾಡಿದೆ. “ಏನೂ ಆಗಲ್ಲಮ್ಮ, ಅಡ್ವಾನ್ಸ್ಡ್ ಒತ್ತಿ, ಕೆಳಗೆ ಪ್ರೊಸೀಡ್ ಅಂತ ಇರುತ್ತೆ, ಅದನ್ನೂ ಒತ್ತಿ” ಅಂದರು. ಅದನ್ನೇ ಅಪ್ಪನಿಗೆ ಹೇಳಿಕೊಟ್ಟೆ. ಅವರು ಡೈರಿಯ ಕೊನೇ ಪುಟದಲ್ಲಿ ಬರೆದಿಟ್ಟುಕೊಂಡರು: ‘ಕೆಂಪು ಬಂದರೆ ಅಡ್ವಾನ್ಸ್ಡ್, ಆಮೇಲೆ ಪ್ರೊಸೀಡ್.’

ಎರಡು ವರ್ಷ ಆದಮೇಲೆ ಒಂದು ಸಂಜೆ ಅವರಿಗೆ ಮೆಸೇಜ್ ಬಂತು. ಬಿಲ್ ಕಟ್ಟಿಲ್ಲ, ರಾತ್ರಿ ಒಂಬತ್ತೂವರೆಗೆ ಕರೆಂಟ್ ಕಟ್. ಜೊತೆಗೊಂದು ಲಿಂಕ್. ಒತ್ತಿದರೆ ಪರದೆ ಪೂರ್ತಿ ಕೆಂಪಾಯಿತು. ಇದು ಮೋಸದ ಸೈಟ್ ಇರಬಹುದು ಅಂತ ಬ್ರೌಸರ್ ಹೇಳುತ್ತಿತ್ತು. ಅಪ್ಪ ಡೈರಿ ತೆಗೆದರು. ಬಟನ್‌ಗಳ ಹೆಸರು ಬೇರೆ ಇತ್ತು. ಆದರೂ ಕನ್ನಡಕ ಹಾಕಿಕೊಂಡು ಹುಡುಕಿ ಒತ್ತಿದ್ದಾರೆ. 38 ಸಾವಿರ ರೂಪಾಯಿ ಹೋಯಿತು. ನನಗೆ ವಿಷಯ ಗೊತ್ತಾಗಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡುವ ಹೊತ್ತಿಗೆ ಬೆಳಗಾಗಿತ್ತು.

ಮೊದಲನೆಯದು ಸೈಟ್‌ನ ಸರ್ಟಿಫಿಕೇಟ್, ಅಂದರೆ ಆ ವಿಳಾಸದ ಅಸಲಿ ಸೈಟ್ ಇದೇ ಅಂತ ಬ್ರೌಸರ್‌ಗೆ ತೋರಿಸುವ ಡಿಜಿಟಲ್ ಗುರುತುಪತ್ರ, ಸರಿಯಿಲ್ಲ ಅನ್ನುವ ಎಚ್ಚರಿಕೆ. ಎರಡನೆಯದು ಮೋಸದ ಸೈಟ್‌ಗಳ ಪಟ್ಟಿ ನೋಡಿ ಕೊಡುವ ಎಚ್ಚರಿಕೆ. ಎರಡೂ ಬೇರೆ ಬೇರೆ ಅಂತ ನನಗೆ ಗೊತ್ತು. ಅಪ್ಪನಿಗೆ ಎರಡೂ ಕೆಂಪು, ಅಷ್ಟೇ. ಕೆಂಪು ಕಂಡರೆ ದಾಟಿಕೊಂಡು ಹೋಗಬಹುದು ಅಂತ ಅವರಿಗೆ ಕಲಿಸಿದ್ದು ಕಳ್ಳರಲ್ಲ. ಒಂದು ಕಚೇರಿ, ಮತ್ತೆ ನಾನು.

ಎಚ್ಚರಿಕೆಗೆ ಬೆಲೆ ಕೊಟ್ಟರೆ ಏನಾಗುತ್ತೆ ಅನ್ನೋದಕ್ಕೆ 2011ರ ಒಂದು ಸಂಗತಿ ಇದೆ. ಇರಾನಿನಲ್ಲಿ ಒಬ್ಬರು ಜಿಮೇಲ್ ತೆರೆಯಲು ಹೋದಾಗ ಕ್ರೋಮ್ ತಡೆಯಿತು. ಅವರು ಸುಮ್ಮನಾಗಲಿಲ್ಲ, ಗೂಗಲ್‌ನ ಸಹಾಯ ವೇದಿಕೆಯಲ್ಲಿ ‘ಇದೇನು’ ಅಂತ ಕೇಳಿದರು. ಹುಡುಕುತ್ತಾ ಹೋದರೆ, ನೆದರ್ಲೆಂಡ್ಸ್‌ನ ಡಿಜಿನೋಟಾರ್ ಅನ್ನುವ, ಸರ್ಟಿಫಿಕೇಟ್ ಕೊಡುವ ಕಂಪನಿಯ ಕಂಪ್ಯೂಟರ್‌ಗಳಿಗೆ ಯಾರೋ ನುಗ್ಗಿ, ಗೂಗಲ್ ಹೆಸರೂ ಸೇರಿ 500ಕ್ಕೂ ಹೆಚ್ಚು ನಕಲಿ ಸರ್ಟಿಫಿಕೇಟ್ ಮಾಡಿಕೊಂಡಿದ್ದರು. ಆ ನಕಲಿ ಸರ್ಟಿಫಿಕೇಟ್ ತೋರಿಸಿ ತಾವೇ ಗೂಗಲ್ ಅಂತ ನಂಬಿಸುವ ಬಲೆಗೆ ಇರಾನಿನ ಸುಮಾರು 3 ಲಕ್ಷ ಐಪಿ ವಿಳಾಸಗಳು (ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆಗಳು) ಬಿದ್ದಿದ್ದವು. ಡಚ್ ಸರ್ಕಾರದ ಎಷ್ಟೋ ಸೈಟ್‌ಗಳೂ ಅದೇ ಕಂಪನಿಯ ಸರ್ಟಿಫಿಕೇಟ್ ಬಳಸುತ್ತಿದ್ದವು. ಅಲ್ಲಿನ ಮಂತ್ರಿ ನಡುರಾತ್ರಿ ಪತ್ರಿಕಾಗೋಷ್ಠಿ ಕರೆದು, ನಮ್ಮ ಸೈಟ್‌ಗಳು ಸುರಕ್ಷಿತ ಅಂತ ಭರವಸೆ ಕೊಡಲಾಗದು ಅಂದರು. ನಮ್ಮ ಕಚೇರಿಗಳಿಂದ ನಾನು ಕೇಳುತ್ತಿರುವುದು ಅಂಥ ಮಾತು. ‘ಪ್ರೊಸೀಡ್ ಒತ್ತಿ’ ಅನ್ನುವ ಮಾತಲ್ಲ.

ನಮ್ಮಲ್ಲೂ ಆಗಿದೆ. 2014ರ ಜುಲೈನಲ್ಲಿ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆಯಾದ ಎನ್‌ಐಸಿ ಹೆಸರಿನಲ್ಲೇ ಗೂಗಲ್ ಸೈಟ್‌ಗಳ ಅನಧಿಕೃತ ಸರ್ಟಿಫಿಕೇಟ್ ಹೊರಬಂದಿದ್ದವು. ಗೂಗಲ್ ಕಂಡುಹಿಡಿದ ಮೇಲೆ ರದ್ದಾದವು. ಸರ್ಕಾರಿ ಅಂದಕೂಡಲೇ ಕಣ್ಣುಮುಚ್ಚಿ ನಂಬಬೇಕಿಲ್ಲ.

ಕಚೇರಿಯವರು ಅರ್ಜಿಗೆ ಕೊನೇ ದಿನ ಅಂತಾರೆ, ಜನ ಸಾಲಿನಲ್ಲಿ ನಿಂತಿದ್ದಾರೆ ಅಂತಾರೆ. ಹಾಗಿದ್ರೆ ಸೈಟ್ ಸರಿಮಾಡಿ, ದಿನಾಂಕ ಮುಂದೆ ಹಾಕಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ, ಸರ್ಟಿಫಿಕೇಟ್ ಕೊಡುವ ಸಂಸ್ಥೆ ಬಂದ 2015ರಿಂದ ಸರ್ಟಿಫಿಕೇಟ್ ಪುಕ್ಕಟೆ ಸಿಗುತ್ತಿದೆ, ತಾನೇ ನವೀಕರಣ ಆಗುವ ಹಾಗೂ ಮಾಡಬಹುದು. ದುಡ್ಡಿಲ್ಲ ಅನ್ನುವ ಹಾಗೇ ಇಲ್ಲ.

ಡೈರಿಯ ಆ ಪುಟವನ್ನು ಅಪ್ಪ ಹರಿದುಹಾಕಿದ್ದಾರೆ. ಈಗ ಸರಿಯಾದ ಸೈಟ್ ಬಂದರೂ ಮುಟ್ಟಲ್ಲ. ಕರೆಂಟ್ ಬಿಲ್ ಕಟ್ಟಲು ಪ್ರತಿ ತಿಂಗಳು ಬಸ್ಸಿನಲ್ಲಿ ಹೋಗುತ್ತಾರೆ.

ವಿರೋಧ: ಪ್ರತಿ ಸಲ ವಾಪಸ್ ಬಂದರೆ ಕೆಲಸ ಆಗಲ್ಲ

ನಾನು ತಾಲ್ಲೂಕು ಕಚೇರಿ ಎದುರು ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡಿದ್ದೇನೆ. ಎದುರು ಪಕ್ಷ ಬರೆಯಿರಿ ಅಂತ ಕೇಳಿದರು, ಒಪ್ಪಿಕೊಂಡೆ. ಪಾಸ್‌ವರ್ಡ್, ಓಟಿಪಿ ಕೇಳುವ ಕಡೆ ನಾನೂ ವಾಪಸ್ ಬರುತ್ತೇನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆದರೆ ಕೆಂಪು ಕಂಡರೆ ಕಂಪ್ಯೂಟರ್ ಆರಿಸಿ ಮನೆಗೆ ಹೋಗಿ ಅನ್ನೋದು ಸರಿಯಲ್ಲ. ನನ್ನ ಅನುಭವದಲ್ಲಿ ಜಾಸ್ತಿ ಸಲ ಕಾರಣ ಚಿಕ್ಕದು. ಸರ್ಟಿಫಿಕೇಟಿನ ಅವಧಿ ನಿನ್ನೆ ಮುಗಿದಿರುತ್ತದೆ. ಇಲ್ಲವೇ ನಮ್ಮದೇ ಕಂಪ್ಯೂಟರಿನ ದಿನಾಂಕ ತಪ್ಪಿರುತ್ತದೆ. ಹೋದ ಮಳೆಗಾಲ ಒಂದು ದಿನ ಎಲ್ಲ ಸೈಟ್‌ಗೂ ಎಚ್ಚರಿಕೆ ಬರತೊಡಗಿತು. ಹುಡುಗ ಹೆದರಿಹೋದ. ನೋಡಿದರೆ ಮದರ್‌ಬೋರ್ಡ್ ಮೇಲಿನ ಬಿಲ್ಲೆ ಬ್ಯಾಟರಿ ಸತ್ತು, ಗಡಿಯಾರ ಹತ್ತು ವರ್ಷ ಹಿಂದಕ್ಕೆ ಹೋಗಿತ್ತು. ಬ್ಯಾಟರಿ ಬದಲಿಸಿ ದಿನಾಂಕ ಸರಿಮಾಡಿದ ಮೇಲೆ ಎಲ್ಲ ಸರಿಹೋಯಿತು. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಒಂದು ಹಳೆಯ ಮೂಲ ಸರ್ಟಿಫಿಕೇಟಿನ (ಉಳಿದ ಸರ್ಟಿಫಿಕೇಟ್‌ಗಳನ್ನು ನಂಬಲು ಆಧಾರವಾದದ್ದು) ಅವಧಿ ಮುಗಿದಾಗ, ಎಷ್ಟೋ ಹಳೆಯ ಸಾಧನಗಳಲ್ಲಿ ಒಳ್ಳೆಯ ಸೈಟ್‌ಗಳೇ ತೆರೆಯಲಿಲ್ಲ. ಹೊಸ ಫೋನ್ ಕೊಳ್ಳಲಾಗದವರಿಗೆ ಇಂಥ ತೊಂದರೆ ಜಾಸ್ತಿ.

ಇನ್ನೊಂದು ಮಾತು. ಎಚ್ಚರಿಕೆ ಬರಲಿಲ್ಲ ಅಂದರೆ ಸೈಟ್ ಒಳ್ಳೆಯದು ಅಂತಲೂ ಅಲ್ಲ. ಪುಕ್ಕಟೆ ಸರ್ಟಿಫಿಕೇಟ್ ಕಳ್ಳರಿಗೂ ಸಿಗುತ್ತದೆ. ಬೀಗದ ಗುರುತು ನೋಡಿ ಜನ ಸೈಟನ್ನೇ ನಂಬುತ್ತಿದ್ದರು, ಅದಕ್ಕೇ ಕ್ರೋಮ್ 2023ರಲ್ಲಿ ಆ ಗುರುತನ್ನೇ ತೆಗೆಯಿತು. ಬರೀ ಬಣ್ಣ ನೋಡುವ ಬದಲು ವಿಳಾಸ ಓದಲು ಕಲಿಸಿ. ಕೊನೆಯಲ್ಲಿ ಜಿಒವಿ ಡಾಟ್ ಇನ್ ಇದೆಯಾ? ಬ್ಯಾಂಕಾದರೆ ರಿಸರ್ವ್ ಬ್ಯಾಂಕ್ ಹೇಳಿದ ಹಾಗೆ ಬ್ಯಾಂಕ್ ಡಾಟ್ ಇನ್ ಇದೆಯಾ?

ಸರ್ಟಿಫಿಕೇಟಿನ ಆಯುಷ್ಯವನ್ನು 2029ರ ಹೊತ್ತಿಗೆ 47 ದಿನಕ್ಕೆ ಇಳಿಸುತ್ತಾರಂತೆ. ಆಗ ಮರೆಯುವ ಕಚೇರಿಗಳು ಇನ್ನೂ ಹೆಚ್ಚು ಸಲ ಮರೆಯುತ್ತವೆ. ಹೊಲದ ಕೆಲಸ ಬಿಟ್ಟು, 40 ಕಿಲೋಮೀಟರ್ ಬಸ್ಸಿನಲ್ಲಿ ಬಂದು, ಬರೀ ಒಂದು ಸುತ್ತೋಲೆ ಓದಿಸಿಕೊಳ್ಳಲು ನಿಂತ ಅಜ್ಜಿಗೆ ‘ನಾಳೆ ಬಾರಜ್ಜಿ’ ಅನ್ನಲು ನನಗೆ ಬಾಯಿ ಬರಲ್ಲ. ವಿಳಾಸ ಎರಡು ಸಲ ಓದುತ್ತೇನೆ, ದಿನಾಂಕ ನೋಡುತ್ತೇನೆ, ಆಮೇಲೆ ತೆರೆದು ಓದಿ ಹೇಳುತ್ತೇನೆ.